ನಮ್ಮೂರ ಪಿನ್ ಕೋಡ್ ಬಿಡಿಸುವುದು ಹೇಗೆ? ದೊಡ್ಡ ಸಂಖ್ಯೆಯ ಗುಣ ತಿಳಿಯಲು ಒಂದು ಸಮಗ್ರ ಮಾರ್ಗದರ್ಶಿ

ಧಾರವಾಡದ ಪಿನ್ ಕೋಡ್ 580001. ಹುಬ್ಬಳ್ಳಿಯದು 580020. ಎರಡರ ನಡುವೆ 19ರ ಅಂತರ, ಅಷ್ಟೇ. ಆದರೂ ಗುಣದಲ್ಲಿ ಇವೆರಡೂ ಎರಡು ತುದಿ. ಹುಬ್ಬಳ್ಳಿಯ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 48 ಇವೆ. ಧಾರವಾಡದ ಸಂಖ್ಯೆಯನ್ನು 1 ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದೂ ಭಾಗಿಸುವುದಿಲ್ಲ. ಅದು ಅವಿಭಾಜ್ಯ.

ಇದನ್ನು ಕಂಪ್ಯೂಟರ್ ಕೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತದೆ. ಆದರೆ ಹೌದೋ ಅಲ್ಲವೋ ಅಂತ ಮಾತ್ರ ಹೇಳುತ್ತದೆ, ಏಕೆ ಅಂತ ಹೇಳುವುದಿಲ್ಲ. ಆ ‘ಏಕೆ’ ಬೇಕಾದವರಿಗಾಗಿ ಈ ಬರಹ. ಒಂದು ಹಾಳೆ, ಪೆನ್ನು, ಗುಣಾಕಾರಕ್ಕೆ ಮೊಬೈಲ್‌ನ ಕ್ಯಾಲ್ಕುಲೇಟರ್ ಇದ್ದರೆ ಸಾಕು. ಎಂಟು ಒಂಬತ್ತನೇ ಕ್ಲಾಸಿನ ಗಣಿತ ಗೊತ್ತಿದ್ದವರು ಆರಾಮಾಗಿ ಮಾಡಬಹುದು.

ಐದು ಸಂಖ್ಯೆಗಳನ್ನು ತೆಗೆದುಕೊಳ್ಳೋಣ:

ಧಾರವಾಡ: 580001
ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡ: 580003
ಹುಬ್ಬಳ್ಳಿ: 580020
ಹಾವೇರಿ: 581110
ಗದಗ: 582101

ಶುರು ಮಾಡುವ ಮೊದಲು ಒಂದು ಮಾತು. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ ಅಂಚೆ ವಲಯವನ್ನು ಹೇಳುತ್ತದೆ. 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಕಾಗದ ಸರಿಯಾದ ಊರಿಗೆ ಮುಟ್ಟಲಿ ಎಂದು ಕೊಟ್ಟ ಸಂಖ್ಯೆ ಅದು. ಹಾಗಾಗಿ 580001 ಅವಿಭಾಜ್ಯ ಅನ್ನುವುದು ಧಾರವಾಡದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದೃಷ್ಟ ಸಂಖ್ಯೆ, ಆಗಿಬರದ ಸಂಖ್ಯೆ ಅನ್ನುವ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ನಾವು ನೋಡುವುದು ಸಂಖ್ಯೆಯ ಗುಣ ಮಾತ್ರ. ದಿನಾ ಕಣ್ಣಿಗೆ ಬೀಳುವ ಸಂಖ್ಯೆ ಆದ್ದರಿಂದ ಮನಸ್ಸಿನಲ್ಲಿ ಉಳಿಯುತ್ತದೆ ಎಂದು ಇವನ್ನೇ ಆರಿಸಿಕೊಂಡೆ.

ಹಂತ 1: ನೋಡಿದ ಕೂಡಲೇ ಗೊತ್ತಾಗುವ ಭಾಜಕಗಳು

ಕೊನೆಯ ಅಂಕಿ ನೋಡಿ. ಸಮ ಆಗಿದ್ದರೆ 2 ಭಾಗಿಸುತ್ತದೆ. 0 ಅಥವಾ 5 ಆಗಿದ್ದರೆ 5 ಭಾಗಿಸುತ್ತದೆ. ಕೊನೆಯ ಎರಡು ಅಂಕಿಗಳನ್ನು 4 ಭಾಗಿಸಿದರೆ ಇಡೀ ಸಂಖ್ಯೆಯನ್ನೂ ಭಾಗಿಸುತ್ತದೆ. ಅಂಕಿಗಳನ್ನೆಲ್ಲ ಕೂಡಿಸಿ, ಮೊತ್ತವನ್ನು 3 ಭಾಗಿಸಿದರೆ ಸಂಖ್ಯೆಯನ್ನೂ 3 ಭಾಗಿಸುತ್ತದೆ.

ಹುಬ್ಬಳ್ಳಿಯ 580020 ಇಲ್ಲೇ ಸಾಕಷ್ಟು ಬಿಚ್ಚಿಕೊಳ್ಳುತ್ತದೆ. ಕೊನೆಗೆ 20 ಇದೆ, ಹಾಗಾಗಿ 4 ಮತ್ತು 5 ಎರಡೂ ಭಾಗಿಸುತ್ತವೆ. ಅಂಕಿಗಳ ಮೊತ್ತ 15, ಹಾಗಾಗಿ 3 ಕೂಡ. ಹಾವೇರಿಯದರಲ್ಲಿ 2 ಮತ್ತು 5 ಸಿಗುತ್ತವೆ. ಮೊತ್ತ 16, ಆದ್ದರಿಂದ 3 ಇಲ್ಲ. ಉಳಿದ ಮೂರರಲ್ಲಿ ಈ ಹಂತದಲ್ಲಿ ಏನೂ ಸಿಗುವುದಿಲ್ಲ.

ಹಂತ 2: ಮೂರು ಮೂರು ಅಂಕಿ ಬಿಡಿಸಿ ಕಳೆಯಿರಿ

ಪಿನ್ ಕೋಡನ್ನು ಎಷ್ಟೋ ಜನ 580 001 ಎಂದು ನಡುವೆ ಜಾಗ ಬಿಟ್ಟು ಬರೆಯುತ್ತಾರೆ. ನಮಗೆ ಬೇಕಾದದ್ದೂ ಅದೇ. 7 × 11 × 13 = 1001. ಈ ಒಂದು ಗುಣಾಕಾರ ನೆನಪಿದ್ದರೆ ಮೂರೂ ಭಾಜಕಗಳನ್ನು ಒಂದೇ ಏಟಿಗೆ ಪರೀಕ್ಷಿಸಬಹುದು.

582101 ಅಂದರೆ 582 × 1000 + 101. ಅದನ್ನೇ 582 × 1001 − 582 + 101 ಎಂದು ಬರೆಯಿರಿ. 1001ರ ಭಾಗವನ್ನು 7, 11, 13 ಮೂರೂ ಭಾಗಿಸುತ್ತವೆ, ಆ ಚಿಂತೆ ಇಲ್ಲ. ಉಳಿಯುವುದು ಎರಡು ತುಂಡುಗಳ ವ್ಯತ್ಯಾಸ ಮಾತ್ರ. ಅದನ್ನು ಭಾಗಿಸಿ ನೋಡಿದರೆ ಆಯ್ತು.

ಗದಗ: 582 − 101 = 481. ಇದು 13 × 37. ಅಂದರೆ 582101ನ್ನು 13 ಭಾಗಿಸುತ್ತದೆ. ಭಾಗಲಬ್ಧ 44777. (37 ಕೂಡ ಭಾಗಿಸುತ್ತದೆ ಎಂದುಕೊಳ್ಳಬೇಡಿ. 1001ರಲ್ಲಿ 37 ಇಲ್ಲ, ಹಾಗಾಗಿ ಈ ಪರೀಕ್ಷೆ 37ಕ್ಕೆ ನಡೆಯುವುದಿಲ್ಲ.)

ಹುಬ್ಬಳ್ಳಿ: 580 − 20 = 560. ಇದು 7ರ ಮಗ್ಗಿಯಲ್ಲಿದೆ. ಹಾಗಾಗಿ 7 ಸಿಕ್ಕಿತು.

ಧಾರವಾಡದಲ್ಲಿ 579, ವಿಶ್ವವಿದ್ಯಾಲಯದಲ್ಲಿ 577, ಹಾವೇರಿಯಲ್ಲಿ 471 ಬರುತ್ತದೆ. ಮೂರರಲ್ಲಿ ಯಾವುದನ್ನೂ 7, 11, 13 ಭಾಗಿಸುವುದಿಲ್ಲ.

ಹಂತ 3: ಎಲ್ಲಿಯವರೆಗೆ ಭಾಗಿಸಬೇಕು?

ಒಂದು ಸಂಖ್ಯೆಯನ್ನು ಎರಡರ ಗುಣಲಬ್ಧವಾಗಿ ಬರೆಯಬಹುದಾದರೆ, ಆ ಎರಡರಲ್ಲಿ ಚಿಕ್ಕದು ವರ್ಗಮೂಲವನ್ನು ದಾಟುವುದಿಲ್ಲ. ಹಾಗಾಗಿ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು.

ಹುಬ್ಬಳ್ಳಿಗೆ ಇದು ಸಲೀಸು. ಸಿಕ್ಕ 4, 3, 5, 7 ಗುಣಿಸಿದರೆ 420. 580020ನ್ನು 420ರಿಂದ ಭಾಗಿಸಿದರೆ 1381. 38ರ ವರ್ಗ 1444, ಅಂದರೆ 37ರವರೆಗೆ ನೋಡಿದರೆ ಮುಗಿಯಿತು. ಯಾವುದೂ ಭಾಗಿಸುವುದಿಲ್ಲ. ಆದ್ದರಿಂದ

580020 = 2 × 2 × 3 × 5 × 7 × 1381

ಭಾಜಕಗಳು 48 ಹೇಗೆ ಬಂದವು? ಪ್ರತಿ ಅವಿಭಾಜ್ಯದ ಘಾತಕ್ಕೆ 1 ಕೂಡಿಸಿ ಗುಣಿಸಿ. 2ರ ಘಾತ 2, ಹಾಗಾಗಿ 3. ಉಳಿದ ನಾಲ್ಕಕ್ಕೂ ಘಾತ 1, ಹಾಗಾಗಿ 2, 2, 2, 2. ಗುಣಿಸಿದರೆ 48. ಇನ್ನೊಂದು ಚೆಂದದ ಸಂಗತಿ: 420 ಅಂದರೆ 1ರಿಂದ 7ರವರೆಗಿನ ಎಲ್ಲ ಸಂಖ್ಯೆಗಳ ಲ.ಸಾ.ಅ. ಹಾಗಾಗಿ ಹುಬ್ಬಳ್ಳಿಯ ಪಿನ್ ಕೋಡನ್ನು 1, 2, 3, 4, 5, 6, 7 ಎಲ್ಲವೂ ಭಾಗಿಸುತ್ತವೆ. ಅದನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ 1277388 ಬರುತ್ತದೆ. ಸಂಖ್ಯೆಯ ಎರಡು ಪಟ್ಟಿಗಿಂತ ಜಾಸ್ತಿ!

ಹಾವೇರಿ 2 × 5 × 58111. ಕೊನೆಯದು ಅವಿಭಾಜ್ಯ. 241ರವರೆಗೆ ಭಾಗಿಸಿ ನೋಡಬೇಕು, ಹೊಸ ವಿಷಯ ಏನಿಲ್ಲ. ಗದಗದ 44777 ಕೂಡ ಅವಿಭಾಜ್ಯ. ಅದಕ್ಕೆ 211ರವರೆಗೆ ಹೋಗಬೇಕು.

ಕಷ್ಟ ಇರುವುದು 580001 ಮತ್ತು 580003ರಲ್ಲಿ. 761ರ ವರ್ಗ 579121, 762ರ ವರ್ಗ 580644. ಅಂದರೆ 761ರವರೆಗೆ ಹೋಗಬೇಕು. ಅಲ್ಲಿಯವರೆಗೆ 135 ಅವಿಭಾಜ್ಯಗಳಿವೆ. 135 ಸಲ ಭಾಗಾಕಾರ ಮಾಡಿದರೆ ಉತ್ತರವೇನೋ ಬರುತ್ತದೆ. ಆದರೆ ಬೇಜಾರು ಬರುತ್ತದೆ, ನಡುವೆ ಎಲ್ಲೋ ಒಂದು ಶೇಷ ತಪ್ಪಿದರೆ ಗೊತ್ತೇ ಆಗುವುದಿಲ್ಲ. ಇಲ್ಲಿ ಬೇರೆ ದಾರಿ ಹಿಡಿಯಬೇಕು. ನನಗೆ ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಪ್ರೀತಿಯ ಭಾಗ ಇದೇ.

ಹಂತ 4: ವರ್ಗಗಳ ವ್ಯತ್ಯಾಸದಿಂದ 580003

ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ 17ನೇ ಶತಮಾನದಲ್ಲಿ ಕೊಟ್ಟ ಉಪಾಯ ಇದು. ಎರಡು ವರ್ಗಗಳ ವ್ಯತ್ಯಾಸವನ್ನು ಯಾವಾಗಲೂ ಅಪವರ್ತಿಸಬಹುದು ಎಂದು ಶಾಲೆಯಲ್ಲಿ ಕಲಿತಿದ್ದೇವೆ: ಮೊದಲನೆಯದರ ವರ್ಗದಲ್ಲಿ ಎರಡನೆಯದರ ವರ್ಗ ಕಳೆದರೆ, ಅದು ಅವೆರಡರ ಮೊತ್ತ ಗುಣಿಸು ವ್ಯತ್ಯಾಸ. ಹಾಗಾದರೆ 580003ಕ್ಕೆ ಏನನ್ನು ಕೂಡಿಸಿದರೆ ಪೂರ್ಣ ವರ್ಗ ಬರುತ್ತದೆ, ಮತ್ತು ಆ ಕೂಡಿಸಿದ್ದೂ ಪೂರ್ಣ ವರ್ಗವೇ ಆಗಿರುತ್ತದೆ ಎಂದು ಹುಡುಕಬೇಕು.

ದೊಡ್ಡ ವರ್ಗದ ಮೂಲ 762ರಿಂದ ಶುರು. 762, 763, 764 ಎಂದು ಒಂದೊಂದೇ ನೋಡುತ್ತಾ ಹೋಗಬಹುದು. ಅದಕ್ಕಿಂತ ಮೊದಲು ಆಗಲಾರದ ಸಂಖ್ಯೆಗಳನ್ನು ಶೇಷಗಳ ಜರಡಿ ಹಿಡಿದು ತೆಗೆದುಬಿಡೋಣ.

8ರಿಂದ ಭಾಗಿಸಿದಾಗ ಬೆಸ ಸಂಖ್ಯೆಯ ವರ್ಗ ಯಾವಾಗಲೂ 1 ಶೇಷ ಬಿಡುತ್ತದೆ. ಸಮ ಸಂಖ್ಯೆಯ ವರ್ಗ 0 ಅಥವಾ 4 ಬಿಡುತ್ತದೆ. 580003 ಬಿಡುವುದು 3. ವ್ಯತ್ಯಾಸ 3 ಬರಬೇಕಾದರೆ 4 − 1 ಒಂದೇ ದಾರಿ. ಅಂದರೆ ದೊಡ್ಡ ಮೂಲ ಸಮ ಆಗಿರಬೇಕು, ಆದರೆ 4 ಅದನ್ನು ಭಾಗಿಸಬಾರದು. ಉಳಿಯುವವು 762, 766, 770, 774, 778…

3ರಿಂದ ಭಾಗಿಸಿದಾಗ ವರ್ಗಗಳು 0 ಅಥವಾ 1 ಶೇಷ ಬಿಡುತ್ತವೆ. 580003ರ ಅಂಕಿಗಳ ಮೊತ್ತ 16, ಹಾಗಾಗಿ ಶೇಷ 1. ಇಲ್ಲಿ 1 − 0 ಮಾತ್ರ ಹೊಂದುತ್ತದೆ. ದೊಡ್ಡ ಮೂಲ 3ರ ಮಗ್ಗಿಯಲ್ಲಿ ಇರಬಾರದು. 762 ಮತ್ತು 774 ಹೋದವು.

ಈಗ ಲೆಕ್ಕ ಮಾಡಿ:

766² = 586756. ಇದರಲ್ಲಿ 580003 ಕಳೆದರೆ 6753. 82² = 6724, 83² = 6889. ಇಲ್ಲ.
770² = 592900. ಕಳೆದರೆ 12897. 113² = 12769, 114² = 12996. ಇಲ್ಲ.
778² = 605284. ಕಳೆದರೆ 25281. ಇದು 159ರ ವರ್ಗ!

778 − 159 = 619. 778 + 159 = 937. ಅಂದರೆ 580003 = 619 × 937. ಎರಡೂ ಅವಿಭಾಜ್ಯ.

ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ ಹೋಗಿದ್ದರೆ 619 ಬರುವುದು 114ನೇ ಸಲಕ್ಕೆ. ಇಲ್ಲಿ ಮೂರೇ ಪ್ರಯತ್ನ. ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತಿ ಕೂತರೆ ನವಲೂರು ಬರುವುದರೊಳಗೆ ಮುಗಿಯುವ ಕೆಲಸ.

ಆದರೆ ಈ ಉಪಾಯ ಎಲ್ಲ ಕಡೆ ನಡೆಯುತ್ತದೆ ಎಂದುಕೊಳ್ಳಬೇಡಿ. 619 ಮತ್ತು 937 ಒಂದಕ್ಕೊಂದು ಹತ್ತಿರ ಇವೆ, ಅದಕ್ಕೇ ಬೇಗ ಸಿಕ್ಕವು. ಗದಗದ 13 × 44777 ಮೇಲೆ ಇದನ್ನೇ ಹೂಡಿದರೆ ದೊಡ್ಡ ಮೂಲ 763ರಿಂದ ಶುರುವಾಗಿ 22395ರವರೆಗೆ ಹೋಗಬೇಕು. ಸುಮ್ನೆ ದಣಿವು. ಹಾಗಾಗಿ ಹಂತ 2 ಮುಗಿಸದೆ ಹಂತ 4ಕ್ಕೆ ಜಿಗಿಯಬೇಡಿ.

ಆನ್‌ಲೈನ್ ವಹಿವಾಟಿನ ಭದ್ರತೆಯಲ್ಲಿ ಬಳಕೆಯಾಗುವ ಆರ್‌ಎಸ್‌ಎ ವಿಧಾನ ನಿಂತಿರುವುದು ನೂರಾರು ಅಂಕಿಗಳ ಎರಡು ಅವಿಭಾಜ್ಯಗಳ ಗುಣಲಬ್ಧದ ಮೇಲೆ. ಆ ಎರಡು ಅವಿಭಾಜ್ಯಗಳು ತೀರಾ ಹತ್ತಿರ ಇರಬಾರದು ಎಂಬ ನಿಯಮ ಇದೆ. ಕಾರಣ ನಾವು ಈಗ ಮಾಡಿದ್ದೇ: ಹತ್ತಿರ ಇದ್ದರೆ ಫರ್ಮಾನ ಉಪಾಯ ಅವನ್ನು ಹೊರಗೆಳೆದುಬಿಡುತ್ತದೆ.

ಹಂತ 5: ಎರಡು ವರ್ಗಗಳ ಮೊತ್ತದಿಂದ 580001

ಈಗ ಧಾರವಾಡ. ಮೊದಲು 4ರಿಂದ ಭಾಗಿಸಿ ಶೇಷ ನೋಡಿ. 580001 ಬಿಡುವುದು 1. 4ರಿಂದ ಭಾಗಿಸಿದಾಗ 1 ಉಳಿಯುವ ಯಾವುದೇ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು. ಫರ್ಮಾ ಇದನ್ನು 1640ರಲ್ಲಿ ಒಂದು ಪತ್ರದಲ್ಲಿ ಹೇಳಿದ. 18ನೇ ಶತಮಾನದ ನಡುವೆ ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್ ಸಾಧಿಸಿ ತೋರಿಸಿದ. ಆಯ್ಲರ್ ಇದನ್ನು ತಿರುಗಿಸಿ ಪರೀಕ್ಷೆಯಾಗಿಯೂ ಬಳಸಿದ: ಒಂದು ಬೆಸ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ರೀತಿಯಲ್ಲಿ ಬರೆಯಲು ಬಂದರೆ, ಆ ಎರಡು ಮೂಲಗಳಿಗೆ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ, ಅದು ಅವಿಭಾಜ್ಯ. ಎರಡು ರೀತಿಯಲ್ಲಿ ಬಂದರೆ ಅವಿಭಾಜ್ಯ ಅಲ್ಲ.

ಹಾಗಾಗಿ 135 ಭಾಗಾಕಾರ ಬಿಟ್ಟು ವರ್ಗಗಳನ್ನು ಹುಡುಕೋಣ. ಮತ್ತೆ ಜರಡಿ ಹಿಡಿಯುವ ಕೆಲಸ.

5ರಿಂದ ಭಾಗಿಸಿದಾಗ ವರ್ಗಗಳು 0, 1, 4 ಮಾತ್ರ ಉಳಿಸುತ್ತವೆ. ಮೊತ್ತ 1 ಬರಬೇಕು. ಎಲ್ಲ ಜೋಡಿ ನೋಡಿ, 0 + 1 ಒಂದೇ ಹೊಂದುತ್ತದೆ. ಅಂದರೆ ಒಂದು ಮೂಲ 5ರ ಮಗ್ಗಿಯಲ್ಲಿದೆ, ಅದರ ವರ್ಗವನ್ನು 25 ಭಾಗಿಸುತ್ತದೆ. 580001ನ್ನು 25ರಿಂದ ಭಾಗಿಸಿದರೂ ಶೇಷ 1. ಹಾಗಾಗಿ ಇನ್ನೊಂದು ಮೂಲ 25ರ ಯಾವುದಾದರೂ ಗುಣಕಕ್ಕಿಂತ ಸರಿಯಾಗಿ 1 ಜಾಸ್ತಿ ಅಥವಾ 1 ಕಡಿಮೆ. 1, 24, 26, 49, 51… ಹೀಗೆ 751ರವರೆಗೆ 61 ಸಂಖ್ಯೆಗಳು.

3ರಿಂದ ಭಾಗಿಸಿದಾಗ 580001 ಉಳಿಸುವುದು 2. ಅದಕ್ಕೆ 1 + 1 ಬೇಕು. ಎರಡೂ ಮೂಲಗಳು 3ರ ಮಗ್ಗಿಯಲ್ಲಿ ಇರಬಾರದು.

16ರಿಂದ ಭಾಗಿಸಿದಾಗ ಬೆಸ ವರ್ಗ 1 ಅಥವಾ 9, ಸಮ ವರ್ಗ 0 ಅಥವಾ 4. ನಮಗೆ ಬೇಕಾದದ್ದು 1. ಹಾಗಾಗಿ ಸಮ ಮೂಲವನ್ನು 4 ಭಾಗಿಸಬೇಕು. ಬೆಸ ಮೂಲ 8ರ ಗುಣಕಕ್ಕಿಂತ 1 ಹೆಚ್ಚು ಅಥವಾ 1 ಕಡಿಮೆ ಇರಬೇಕು.

ಮೂರೂ ಜರಡಿಯಲ್ಲಿ ಉಳಿದವು 21:

1, 49, 76, 124, 151, 176, 199, 224, 376, 401, 424, 449, 476, 524, 551, 599, 601, 649, 676, 724, 751

ಮೊದಲನೆಯದು ಆಗುವುದಿಲ್ಲ, 580000 ಪೂರ್ಣ ವರ್ಗ ಅಲ್ಲ. ಎರಡನೆಯದೇ ಗುರಿ ಮುಟ್ಟುತ್ತದೆ. 49ರ ವರ್ಗ 2401. 580001 − 2401 = 577600. ಇದು 760ರ ವರ್ಗ!

580001 = 49² + 760²

49 ಕೂಡ 7ರ ವರ್ಗವೇ, ಹಾಗಾಗಿ 7ರ ನಾಲ್ಕನೇ ಘಾತ ಕೂಡಿಸು 760ರ ವರ್ಗ ಎಂದೂ ಬರೆಯಬಹುದು. ಇಷ್ಟು ಅಂದವಾಗಿ ಬರುತ್ತದೆ ಎಂದು ನಾನಂತೂ ಅಂದುಕೊಂಡಿರಲಿಲ್ಲ.

ಇಲ್ಲಿಗೆ ನಿಲ್ಲಿಸಬೇಡಿ. ‘ಒಂದೇ ರೀತಿ’ ಎಂದು ಹೇಳಬೇಕಾದರೆ ಉಳಿದ 19ನ್ನೂ ನೋಡಲೇಬೇಕು. ಸಾಧನೆ ಇರುವುದೇ ಅಲ್ಲಿ. ಅದಕ್ಕೂ ಸುಲಭದ ದಾರಿ ಇದೆ. ಪಟ್ಟಿಯ ಸಂಖ್ಯೆ ಬೆಸ ಆಗಿದ್ದರೆ, ಜೊತೆಯ ಮೂಲವನ್ನು 4 ಮತ್ತು 5 ಎರಡೂ ಭಾಗಿಸಬೇಕು, ಹಾಗಾಗಿ ಅದರ ವರ್ಗ 00ರಲ್ಲಿ ಮುಗಿಯುತ್ತದೆ. ಆ ಎರಡು ಸೊನ್ನೆ ಬಿಟ್ಟು ಉಳಿದದ್ದು ಪೂರ್ಣ ವರ್ಗವೇ ನೋಡಿ. 151ಕ್ಕೆ 557200 ಉಳಿಯುತ್ತದೆ; 5572 ಇರುವುದು 74² = 5476 ಮತ್ತು 75² = 5625ರ ನಡುವೆ. ಇಲ್ಲ. 599ಕ್ಕೆ 2212 ಬರುತ್ತದೆ; 47² = 2209. ಮೂರರಲ್ಲಿ ತಪ್ಪಿತು!

ಪಟ್ಟಿಯ ಸಂಖ್ಯೆ ಸಮ ಆಗಿದ್ದರೆ, ಜೊತೆಯ ಮೂಲ 5ರಲ್ಲಿ ಮುಗಿಯಬೇಕು. 5ರಲ್ಲಿ ಮುಗಿಯುವ ಸಂಖ್ಯೆಯ ವರ್ಗ ಹೇಗೆ ಮಾಡುತ್ತೇವೆ ಗೊತ್ತಲ್ವಾ? ಮುಂದಿನ ಭಾಗವನ್ನು ಅದರ ನಂತರದ ಸಂಖ್ಯೆಯಿಂದ ಗುಣಿಸಿ ಪಕ್ಕದಲ್ಲಿ 25 ಬರೆಯುವುದು. ಅದನ್ನೇ ಹಿಂದಿನಿಂದ ಓದಿ. 76ಕ್ಕೆ 574225 ಉಳಿಯುತ್ತದೆ. 5742 ಎರಡು ಅಕ್ಕಪಕ್ಕದ ಸಂಖ್ಯೆಗಳ ಗುಣಲಬ್ಧವೇ? 75 × 76 = 5700, 76 × 77 = 5852. ಅಲ್ಲ. ಹೀಗೆ ಎಲ್ಲವನ್ನೂ ನೋಡಿದರೆ 49 ಬಿಟ್ಟು ಬೇರೆ ಯಾವುದೂ ಹೊಂದುವುದಿಲ್ಲ. 49 ಮತ್ತು 760ಕ್ಕೆ ಸಾಮಾನ್ಯ ಅಪವರ್ತನ ಇಲ್ಲ. 580001 ಅವಿಭಾಜ್ಯ ಎಂದು ಕೈಯಾರೆ ಸಾಧಿಸಿದಂತಾಯಿತು.

ಹಂತ 6: ಎರಡು ರೀತಿ ಬಂದರೆ? ಗದಗ ನೋಡಿ

582101 ಕೂಡ 4ರಿಂದ ಭಾಗಿಸಿದಾಗ 1 ಉಳಿಸುತ್ತದೆ. ಆದರೆ ಇದನ್ನು ಎರಡು ರೀತಿಯಲ್ಲಿ ಬರೆಯಬಹುದು:

470² + 601² = 220900 + 361201 = 582101
374² + 665² = 139876 + 442225 = 582101

ಇದಕ್ಕೆ ಕಾರಣ ಅದರ ಎರಡು ಅಪವರ್ತನಗಳು. 13 = 2² + 3². 44777 = 16² + 211². ವರ್ಗಗಳ ಮೊತ್ತವನ್ನು ಇನ್ನೊಂದು ವರ್ಗಗಳ ಮೊತ್ತದಿಂದ ಗುಣಿಸಿದರೆ ಬರುವುದೂ ವರ್ಗಗಳ ಮೊತ್ತವೇ, ಅದೂ ಎರಡು ರೀತಿಯಲ್ಲಿ. ಅಡ್ಡಡ್ಡ ಗುಣಿಸಿ, ಒಮ್ಮೆ ಕೂಡಿಸಿ ಒಮ್ಮೆ ಕಳೆದರೆ ಸಾಕು: 2 × 211 = 422 ಮತ್ತು 3 × 16 = 48. ಕೂಡಿಸಿದರೆ 470, ಕಳೆದರೆ 374. ಇನ್ನೊಂದು ಕಡೆ 3 × 211 = 633 ಮತ್ತು 2 × 16 = 32. ಕಳೆದರೆ 601, ಕೂಡಿಸಿದರೆ 665. 7ನೇ ಶತಮಾನದ ನಮ್ಮ ಬ್ರಹ್ಮಗುಪ್ತನ ಹೆಸರಿನಲ್ಲಿರುವ ಸೂತ್ರ ಇದು.

ಹಿಂದಕ್ಕೂ ಹೋಗಬಹುದು. 13 ಗೊತ್ತಿಲ್ಲ, ಎರಡು ರೀತಿ ಮಾತ್ರ ಸಿಕ್ಕಿವೆ ಎಂದುಕೊಳ್ಳಿ. ಬೆಸ ಮೂಲಗಳ ವ್ಯತ್ಯಾಸ 665 − 601 = 64. ಸಮ ಮೂಲಗಳ ವ್ಯತ್ಯಾಸ 470 − 374 = 96. ಇವೆರಡರ ಮ.ಸಾ.ಅ. 32. ಅದರಿಂದ ಭಾಗಿಸಿದರೆ 2 ಮತ್ತು 3. ಅವುಗಳ ವರ್ಗಗಳನ್ನು ಕೂಡಿಸಿ: 4 + 9 = 13. ಅಪವರ್ತನ ಹೊರಗೆ ಬಂತು!

ಹುಬ್ಬಳ್ಳಿ, ಹಾವೇರಿ, ವಿಶ್ವವಿದ್ಯಾಲಯ ಮೂರನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುವುದೇ ಇಲ್ಲ. 4ರಿಂದ ಭಾಗಿಸಿದಾಗ 3 ಉಳಿಸುವ ಅವಿಭಾಜ್ಯ ಬೆಸ ಸಲ ಬಂದರೆ ಆ ಸಂಖ್ಯೆಗೆ ಈ ಗುಣ ಇರುವುದಿಲ್ಲ. ಹುಬ್ಬಳ್ಳಿಯಲ್ಲಿ 3 ಮತ್ತು 7, ಹಾವೇರಿಯಲ್ಲಿ 58111, ವಿಶ್ವವಿದ್ಯಾಲಯದಲ್ಲಿ 619 ಅಂಥವು.

ಹಂತ 7: ತಾಳೆ ನೋಡುವುದು

ಉತ್ತರ ಬಂದ ಮೇಲೆ ತಿರುಗಿ ಗುಣಿಸಿ ನೋಡಿ. ಅದಕ್ಕೂ ಮುಂಚೆ ಬೇಗ ಆಗುವ ತಾಳೆ ಒಂದಿದೆ. 619ರ ಅಂಕಿಗಳ ಮೊತ್ತ 16, ಮತ್ತೆ ಕೂಡಿಸಿದರೆ 7. 937ಕ್ಕೆ 19, ಆಮೇಲೆ 10, ಆಮೇಲೆ 1. ಗುಣಿಸಿದರೆ 7. 580003ಕ್ಕೂ 16, ಆಮೇಲೆ 7. ಸರಿಹೋಯಿತು. ಇದು ಹೊಂದದಿದ್ದರೆ ಲೆಕ್ಕ ಖಂಡಿತ ತಪ್ಪು. ಆದರೆ ಹೊಂದಿತು ಎಂದ ಮಾತ್ರಕ್ಕೆ ಸರಿಯೇ ಎಂದು ನಂಬಬೇಡಿ, ಏಕೆಂದರೆ ಅಂಕಿಗಳು ಅದಲುಬದಲಾದರೆ ಇದಕ್ಕೆ ಗೊತ್ತಾಗುವುದಿಲ್ಲ. 580020 ಮತ್ತು 580002 ಎರಡಕ್ಕೂ ಮೊತ್ತ 15.

ಇನ್ನೂ ದೊಡ್ಡ ಸಂಖ್ಯೆಗಳಿಗೆ

ಹತ್ತು ಹನ್ನೆರಡು ಅಂಕಿ ದಾಟಿದ ಮೇಲೆ ಕೈಲೆಕ್ಕದ ಹಟ ಬಿಟ್ಟು ಕಂಪ್ಯೂಟರ್ ಹಿಡಿಯುವುದು ಒಳ್ಳೆಯದು. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಪರೀಕ್ಷಿಸುವುದು ಮತ್ತು ಅದನ್ನು ಅಪವರ್ತಿಸುವುದು ಬೇರೆ ಬೇರೆ ಕೆಲಸ. ಮೊದಲನೆಯದು ಸುಲಭ. ಅದನ್ನು ಯಾವಾಗಲೂ ಬೇಗ ಮಾಡಬಹುದು ಎಂದು 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಸಾಧಿಸಿದರು. ಎರಡನೆಯದು ಇವತ್ತಿಗೂ ಕಷ್ಟ. ಆರ್‌ಎಸ್‌ಎ-250 ಎಂಬ 250 ಅಂಕಿಗಳ ಸಂಖ್ಯೆಯನ್ನು 2020ರಲ್ಲಿ ಅಪವರ್ತಿಸಿದಾಗ ಅದು ಸುದ್ದಿಯಾಯಿತು. ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ 2024ರ ಅಕ್ಟೋಬರ್‌ನಲ್ಲಿ ಸಿಕ್ಕಿತು. ಅದರಲ್ಲಿ 4 ಕೋಟಿಗೂ ಹೆಚ್ಚು ಅಂಕಿಗಳಿವೆ.

ನಿಮ್ಮ ಕೈಗೆ ಒಂದು ಸಂಖ್ಯೆ ಕೊಡುತ್ತೇನೆ. ಹುಬ್ಬಳ್ಳಿ ವಿದ್ಯಾನಗರದ ಬಿವಿಬಿ ಕಾಲೇಜು ಕ್ಯಾಂಪಸ್ಸಿನ ಪಿನ್ ಕೋಡ್ 580031. ಹಂತ 1 ಮತ್ತು 2 ದಾಟಿ ಬರುತ್ತದೆ. 4ರಿಂದ ಭಾಗಿಸಿದರೆ 3 ಉಳಿಯುತ್ತದೆ, ಹಾಗಾಗಿ ಹಂತ 5 ಉಪಯೋಗಕ್ಕೆ ಬಾರದು. ಹಂತ 4ರ ಜರಡಿ ಹಾಕಿ: 8ರ ಶೇಷ 7, 3ರ ಶೇಷ 2. ದೊಡ್ಡ ಮೂಲವನ್ನು 4 ಮತ್ತು 3 ಎರಡೂ ಭಾಗಿಸಬೇಕು ಎಂದು ಬರುತ್ತದೆ. ಅಂದರೆ 12ರ ಮಗ್ಗಿ. 768ರಿಂದ ಶುರು ಮಾಡಿ, 780, 792 ಎಂದು ಮುಂದೆ ಹೋಗಿ. ಒಂದಷ್ಟು ದೂರ ಹೋದರೂ ವರ್ಗ ಸಿಗದಿದ್ದರೆ ಹತ್ತಿರದ ಅಪವರ್ತನಗಳಿಲ್ಲ ಎಂದಾಯಿತು. ಆಗ 17ರಿಂದ ಭಾಗಾಕಾರಕ್ಕೆ ಕೂಡಿ.